ನಿಂಬೆಹಣ್ಣು ಚಕ್ರದಡಿ ಇಟ್ಟಾಯ್ತು, ಬೆಲ್ಟ್ ಹಾಕಿದ್ದೀರಾ?

ಮನೆ ಮುಂದೆ ಹೊಸ ಕಾರು ಬಂದು ನಿಂತಿದೆ. ಬಾನೆಟ್ ಮೇಲೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಎದುರುಮನೆಯವರು 'ಎಷ್ಟಾಯ್ತು?' ಅಂತ ಕೇಳಿಯೂ ಆಯ್ತು. ಗೆಳೆಯರೇ, ಸಂಭ್ರಮಪಡಿ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ನಮ್ಮ ಅಪ್ಪಂದಿರ ಪಾಲಿಗೆ ಕಾರು ಅಂದರೆ ಮದುವೆಗೆ ಬಾಡಿಗೆಗೆ ಬರುವ ಅಂಬಾಸಿಡರ್ ಅಷ್ಟೇ. ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ದುಡಿದವರ ಮಗನೋ ಮಗಳೋ ಕಾರು ಕೊಂಡರೆ ಅದು ಸಣ್ಣ ಮಾತಲ್ಲ.

ಆದರೆ ನಮ್ಮ ಮನೆಗೂ ಈಚೆಗೆ ಕಾರು ಬಂದ ಮೇಲೆ ನನಗೆ ಅನ್ನಿಸಿದ್ದನ್ನು ಹೇಳಲೇಬೇಕು. ಕಾರು ಓಡಿಸುವುದು ಸುಲಭ, ಕಾರಿನ ಒಡೆಯರಾಗುವುದು ಕಷ್ಟ!

ಮೊದಲು ಶೋರೂಮು. ಗಾಜಿನ ಬಾಗಿಲು, ಎ.ಸಿ., ಕಾಫಿ, ಇಂಗ್ಲಿಷ್. ಮುಂದೆ ಹತ್ತಾರು ಹಾಳೆ. 'ಇಲ್ಲಿ ಸೈನ್ ಮಾಡಿ ಸಾರ್, ಇಲ್ಲಿ, ಇಲ್ಲಿ.' ವಿಮೆ ನಮ್ಮಲ್ಲೇ ಮಾಡಿಸಬೇಕು ಅಂದರು. ಯಾವ ಕಾನೂನಿನಲ್ಲಿದೆ ತೋರಿಸಿ, ಕನ್ನಡದಲ್ಲಿ ಹೇಳಿ ಅಂದೆ. ಆ ಹುಡುಗ ಹಾಸನದ ಕಡೆಯವನು. ಅತ್ತಿತ್ತ ನೋಡಿ ಮೆಲ್ಲಗೆ ಕನ್ನಡದಲ್ಲೇ ಹೇಳಿದ, 'ಕಡ್ಡಾಯ ಏನಿಲ್ಲ ಸಾರ್.' ನೋಡಿದಿರಾ? ಇಂಗ್ಲಿಷಿನಲ್ಲಿ ಕಡ್ಡಾಯವಾಗಿದ್ದದ್ದು ಕನ್ನಡದಲ್ಲಿ ಐಚ್ಛಿಕವಾಯಿತು! 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ನಿಜ. ಯಾರ ಹತ್ತಿರ ಮಾಡಿಸಬೇಕು ಎನ್ನುವುದು ನಿಮ್ಮ ಹಕ್ಕು. ನಾಲ್ಕು ಕಡೆ ವಿಚಾರಿಸಿ. ಅರ್ಥವಾಗದ ಸಾಲಿಗೆ ಸಹಿ ಹಾಕಬೇಡಿ. ಕನ್ನಡದಲ್ಲಿ ಕೇಳುವುದು ದಡ್ಡತನವಲ್ಲ, ದುಡ್ಡು ಉಳಿಸುವ ದಾರಿ.

ಎರಡನೆಯದು ಸಾಲ. 'ಕಂತು ಕಮ್ಮಿ ಮಾಡಿಕೊಡ್ತೀವಿ' ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. 8 ಲಕ್ಷ ಸಾಲ, ಶೇ. 9 ಬಡ್ಡಿ. ಐದು ವರ್ಷಕ್ಕಾದರೆ ತಿಂಗಳಿಗೆ ಸುಮಾರು 16,600 ರೂಪಾಯಿ. ಏಳು ವರ್ಷಕ್ಕಾದರೆ ಸುಮಾರು 12,900. ತಿಂಗಳ ಕಂತು ಇಳಿಯಿತು ಅಂತ ಹಿಗ್ಗುತ್ತೀರಿ. ಆದರೆ ಕೊನೆಗೆ ಕಟ್ಟುವ ಬಡ್ಡಿ ಸುಮಾರು 85 ಸಾವಿರ ಹೆಚ್ಚು! ಜೊತೆಗೆ ನಮ್ಮ ರಾಜ್ಯದ ಆಜೀವ ತೆರಿಗೆ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇ. 14, ಮೇಲೆ ಸೆಸ್ಸು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ ಎಂಬ ಖುಷಿಯಲ್ಲಿ ಇದನ್ನು ಮರೆಯಬೇಡಿ.

ಮೂರನೆಯದೇ ಮುಖ್ಯ. ನಿಮ್ಮ ಕಾರಿನಲ್ಲಿ ಹಿಂದೆ ಕೂರುವವರು ಯಾರು? ಅಮ್ಮ, ಅಜ್ಜಿ, ಮಕ್ಕಳು. ಬೆಲ್ಟ್ ಹಾಕದವರೂ ಅವರೇ! ಹೊಸ ಸೀಟು ಹಾಳಾಗಬಾರದು ಅಂತ ಕವರ್ ಹೊಲಿಸಿ, ಬೆಲ್ಟಿನ ಕೊಂಡಿಯನ್ನೇ ಅದರಡಿ ಮುಚ್ಚಿಬಿಡುತ್ತೇವೆ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಟಾಟಾ ಸನ್ಸ್ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ನೆನಪಿದೆಯೇ? ಕುಳಿತಿದ್ದದ್ದು ಹಿಂದಿನ ಸೀಟು. ಬೆಲ್ಟ್ ಹಾಕಿರಲಿಲ್ಲ. ಕಾರು ಕೋಟಿಯದಾದರೇನು, ಲಕ್ಷದ್ದಾದರೇನು? ಡಿಕ್ಕಿಯಾದಾಗ ಕಾರು ನಿಲ್ಲುತ್ತದೆ, ಬೆಲ್ಟ್ ಇಲ್ಲದ ಮೈ ನಿಲ್ಲುವುದಿಲ್ಲ. ಅದೇ ವೇಗದಲ್ಲಿ ಮುಂದಕ್ಕೆ ನುಗ್ಗಿ ಮುಂದೆ ಕೂತವರನ್ನೂ ಹೊಡೆಯುತ್ತದೆ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು. ತಪ್ಪಿದರೆ ಮೋಟಾರು ವಾಹನ ಕಾಯ್ದೆಯ ಪ್ರಕಾರ 1,000 ರೂಪಾಯಿ ದಂಡ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದಂತೂ ಬೇಡವೇ ಬೇಡ. ದೊಡ್ಡವರನ್ನು ಕಾಯುವ ಏರ್‌ಬ್ಯಾಗೇ ಮಗುವಿಗೆ ಮೃತ್ಯು. ಮಕ್ಕಳ ಜಾಗ ಹಿಂದೆ, ಮಕ್ಕಳ ಸೀಟಿನಲ್ಲಿ.

ಹೊಸ ಕಾರಿನ ಮೊದಲ ಭಾನುವಾರ ಎಲ್ಲರೂ ಹೊರಡುವುದು ಮೈಸೂರಿಗೆ, ಚಾಮುಂಡಿ ಬೆಟ್ಟಕ್ಕೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿ ಕನ್ನಡಿಯಂತಿದೆ, ಕಾಲು ಆಕ್ಸಿಲರೇಟರಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಮಿತಿ ಗಂಟೆಗೆ 100 ಕಿ.ಮೀ. ಕಾರಿನ ಮೀಟರಿನಲ್ಲಿ 180 ಅಂತ ಬರೆದಿದ್ದರೆ ಅದು ನಿಮಗೆ ಕೊಟ್ಟ ಸವಾಲಲ್ಲ!

'ಅಯ್ಯೋ, ನಂಗ್ಯಾಕಪ್ಪ ಬೆಲ್ಟು, ಹಿಂದೆ ಕೂತಿದ್ದೀನಲ್ಲ' ಅಂತ ಅಮ್ಮ ಹೇಳಿಯೇ ಹೇಳುತ್ತಾರೆ. ನಕ್ಕು ಸುಮ್ಮನಾಗಬೇಡಿ. ಕೆಳಗಿಳಿಯಿರಿ, ಹಿಂದಿನ ಬಾಗಿಲು ತೆಗೆಯಿರಿ, ನಿಮ್ಮ ಕೈಯಾರೆ ಅಮ್ಮನಿಗೆ ಬೆಲ್ಟ್ ಹಾಕಿ. ಕ್ಲಿಕ್ ಅಂತ ಸದ್ದು ಕೇಳಿದ ಮೇಲೆ ಕೀಲಿ ತಿರುಗಿಸಿ. ಕಾರಿನ ಒಡೆಯರು ಅಂದರೆ ಅವರು.