ಪ್ರಗತಿಯ ದೇವರು ಮತ್ತು ದೇವರಕಾಡು

ಕೊಡಗಿನ ಶ್ರೀಮಂಗಲದಿಂದ ಕುಟ್ಟದತ್ತ ಸಾಗುವವರ ಕಣ್ಣಿಗೆ ಇಕ್ಕೆಲದ ಕಾಫಿ ತೋಟಗಳಲ್ಲಿ, ಅತ್ತಿ, ಹಲಸು, ನಂದಿ ಮರಗಳು ನೆರಳೀಯುತ್ತಿದ್ದ ಎಷ್ಟೋ ಎಡೆಗಳಲ್ಲಿ, ಬೇಗ ಬೆಳೆದು ಸುಲಭವಾಗಿ ಮಾರಾಟವಾಗುವ ಸಿಲ್ವರ್ ಓಕ್ ನಿಂತಿರುವುದು ಬೀಳದಿರದು. ಅರ್ಥಶಾಸ್ತ್ರದ ಲೆಕ್ಕದಲ್ಲಿ ಇದು ಅಭಿವೃದ್ಧಿಯೇ ಸರಿ. ಏಕೆಂದರೆ ಕಡಿದು ಮಾರಿದ ಮರ ಆದಾಯವೆನಿಸುತ್ತದೆ, ನಿಂತ ಮರ ಏನೂ ಎನಿಸುವುದಿಲ್ಲ. ರಾಷ್ಟ್ರೀಯ ಆದಾಯದ ಗಣನೆಗೆ ರೂಪ ಕೊಟ್ಟ ಸೈಮನ್ ಕುಜ್ನೆಟ್ಸ್ ಜನರ ಕ್ಷೇಮವನ್ನು ಆ ಅಂಕಿಯಿಂದ ಊಹಿಸಲಾಗದೆಂದು 1934ರಲ್ಲಿಯೇ ಎಚ್ಚರಿಸಿದ್ದರು. ಲೋಕವು ಅಂಕಿಯನ್ನು ಇಟ್ಟುಕೊಂಡು ಎಚ್ಚರಿಕೆಯನ್ನು ಕೈಬಿಟ್ಟಿತು.

ಶೇಕಡಾ 7ರಂತೆ ಬೆಳೆಯುವ ಅರ್ಥವ್ಯವಸ್ಥೆ ಸುಮಾರು 10 ವರ್ಷಕ್ಕೆ ಇಮ್ಮಡಿಯಾಗುತ್ತದೆ, 100 ವರ್ಷಕ್ಕೆ 800 ಮಡಿಯನ್ನೂ ಮೀರುತ್ತದೆ. ಪರಿಮಿತವಾದ ಭೂಮಿಯ ಮೇಲೆ ಇದು ಹೇಗೆ ಸಾಧ್ಯವೆಂದು 1972ರ 'ಲಿಮಿಟ್ಸ್ ಟು ಗ್ರೋತ್' ಗ್ರಂಥದ ಕರ್ತರು ಕೇಳಿದಾಗ, ತಂತ್ರಜ್ಞಾನವು ಎಲ್ಲ ಮಿತಿಗಳನ್ನೂ ದಾಟಿಸುವುದೆಂಬ ಉತ್ತರ ಬಂತು. ಇದು ಪ್ರಮಾಣವಲ್ಲ, ಶ್ರದ್ಧೆ. ಇತಿಹಾಸಕಾರ ಜೆ. ಬಿ. ಬರಿ 1920ರಲ್ಲಿಯೇ, ಮಾನವಕುಲದ ಪ್ರಗತಿಯೆಂಬ ಕಲ್ಪನೆ ದೈವಸಂಕಲ್ಪದಂತೆಯೇ ಸಾಧಿಸಲೂ ಖಂಡಿಸಲೂ ಬಾರದ ನಂಬಿಕೆಯೆಂದು ತೋರಿಸಿದ್ದರು. ವೃದ್ಧಿಯನ್ನು ಸಂಶೋಧಿಸುವ ವಿದ್ವಾಂಸರು ಈ ಮತಾತೀತ ಮತವನ್ನೂ ಮತವೆಂದೇ ಪರೀಕ್ಷಿಸಬೇಕು.

ಹಾಗೆಂದು ಹಳೆಯ ಶ್ರದ್ಧೆಯನ್ನು ಕೊಂಡಾಡಿ ಸುಮ್ಮನಾಗುವಂತೆಯೂ ಇಲ್ಲ. ದೇವರ ಹೆಸರಿನಲ್ಲಿ ಕಾಯ್ದಿಟ್ಟ ಕೊಡಗಿನ ದೇವರಕಾಡುಗಳು 1905ರಲ್ಲಿ 6,277 ಹೆಕ್ಟೇರಿನಷ್ಟಿದ್ದು, 1985ರ ವೇಳೆಗೆ 2,550 ಹೆಕ್ಟೇರಿಗೆ ಇಳಿದಿದ್ದವು. ದೇವರಿಗೆ ಹಬ್ಬವನ್ನು ತಪ್ಪಿಸದವರ ನಡುವೆಯೇ ದೇವರ ಕಾಡು ಕರಗಿತು! ಕೊಡಲಿಗೆ ಸಲ್ಲದ ನೆಲವೊಂದುಂಟೆಂಬ ತತ್ತ್ವವನ್ನಾದರೂ ಆ ಶ್ರದ್ಧೆ ಒಪ್ಪಿತ್ತು. ಹೊಸದು ಅದನ್ನೂ ಒಪ್ಪದು.

ದೇವರಕಾಡುಗಳನ್ನು 1970ರ ದಶಕದಲ್ಲಿಯೇ ಅಭ್ಯಸಿಸಿದ ಮಾಧವ ಗಾಡ್ಗೀಳರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಪಶ್ಚಿಮಘಟ್ಟಗಳ ವರದಿಯನ್ನು ಒಪ್ಪಿಸಿ, ಎಲ್ಲೆಲ್ಲಿ ಎಂತಹ ಮಿತಿಯೆಂಬುದನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿಯೇ ನಿರ್ಣಯಿಸಿರೆಂದಿತು. ಚರ್ಚೆಗಿಂತ ಮೊದಲು ಭೀತಿ ಹಬ್ಬಿತು. ಅದೇ ಘಟ್ಟಗಳನ್ನು ಕುರಿತ 2013ರ ಕಸ್ತೂರಿರಂಗನ್ ವರದಿಯನ್ನೂ ಕೊಡಗು ಪ್ರತಿಭಟಿಸಿತು. ಆ ಪ್ರತಿಭಟನೆಯಲ್ಲಿ ಅಪಪ್ರಚಾರದ ಪಾಲು ಇಲ್ಲದಿರಲಿಲ್ಲವಾದರೂ ನ್ಯಾಯದ ಪಾಲೂ ಇತ್ತು ಎಂಬುದು ನನ್ನ ಅಭಿಪ್ರಾಯ. ಕೊಡಗಿನ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥ ನದಿ ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ; ಆ ಕಾವೇರಿಯನ್ನು ಕುಡಿಯುವ ಬೆಂಗಳೂರಿನ ವೃದ್ಧಿಗೆ ಆ ವರದಿಗಳು ಮಿತಿಯನ್ನು ವಿಧಿಸಲಿಲ್ಲ. ಬೆಟ್ಟದವರಿಗೆ ಸಂಯಮವನ್ನೂ ಬಯಲಿನವರಿಗೆ ವೃದ್ಧಿಯನ್ನೂ ಬೋಧಿಸುವ ಶಾಸ್ತ್ರವನ್ನು ಬೆಟ್ಟದವರು ನಂಬುವುದಾದರೂ ಹೇಗೆ? 2018 ಮತ್ತು 2019ರ ಮಳೆಗಾಲಗಳಲ್ಲಿ ಗುಡ್ಡ ಕುಸಿದಾಗ ಮಣ್ಣಿನಡಿ ಸಿಲುಕಿದವರು ಅವರೇ.

ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದವರೂ ನಮ್ಮ ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರಜ್ಞರೂ ಕೂಡಿ ನಿಂತ ಮರಕ್ಕೂ ಹರಿಯುವ ನೀರಿಗೂ ಬೆಲೆ ಕಟ್ಟಿದ ಲೆಕ್ಕವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಲಿ. ಕೆಳಗಿನ ನಗರಗಳು ಆ ಬೆಲೆಯನ್ನು ತೆರಲಿ.