ಪಾಯಸಕ್ಕೆ ಐದು ನಕ್ಷತ್ರ, ಬಿಯರಿಗೆ ಮೂರೂಕಾಲು

ಮೂರು ತಿಂಗಳಿಂದ ಇಲ್ಲಿ ಒಂದಕ್ಷರ ಬರೆದಿರಲಿಲ್ಲ. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ. ಈಗ ಕೀಬೋರ್ಡ್ ಮುಂದೆ ಕೂತಿರೋದು ಸಿಟ್ಟಿನಿಂದ. ಸಿಟ್ಟು ಬಿಯರಿನ ಮೇಲೆ. ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ.

ಕುಡಿಯೋ ವಿಷಯ ಅಂದರೆ ಮೂಗು ಮುರಿಯುವವರು ಈ ಪೋಸ್ಟ್ ಬಿಟ್ಟು ಮುಂದಿನದಕ್ಕೆ ಬನ್ನಿ, ಬೇಜಾರಿಲ್ಲ. (ಅಮ್ಮನಿಗೆ ಈ ಬ್ಲಾಗಿನ ವಿಳಾಸ ಗೊತ್ತಿಲ್ಲ. ಗೊತ್ತಿರುವ ಚಿಕ್ಕಪ್ಪನ ಮಗ ದಯವಿಟ್ಟು ಬಾಯಿ ಮುಚ್ಚಿಕೊಂಡಿರತಕ್ಕದ್ದು.)

ಶಿಕಾಗೋ ಕಡೆಯ ಚಳಿಗಾಲದಲ್ಲಿ ವಾರಾಂತ್ಯ ಕಳೆಯೋದು ಒಂದು ದೊಡ್ಡ ಸಮಸ್ಯೆ. ನಮ್ಮ ಗುಂಪು ಅದಕ್ಕೆ ಕಂಡುಕೊಂಡ ಪರಿಹಾರ ಬಿಯರ್ ಟೇಸ್ಟಿಂಗ್. ಎಂಟು ಜನ, ಒಬ್ಬೊಬ್ಬರು ಒಂದೆರಡು ಬಾಟಲಿ ತರೋದು, ಪುಟ್ಟ ಲೋಟಗಳಲ್ಲಿ ತಲಾ 60 ಮಿ.ಲೀ. ಸುರಿದು ಮೂಸಿ, ಹೀರಿ, ಮೊಬೈಲಿನಲ್ಲಿ ಐದಕ್ಕೆ ಇಷ್ಟು ಅಂತ ಅಂಕ ಒತ್ತೋದು. ಎರಡು ವರ್ಷದಿಂದ ನಡೀತಿದೆ. ನಾನು ಕೊಟ್ಟ ಅಂಕಗಳೇ ಆರುನೂರು ದಾಟಿವೆ. ಅದನ್ನ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ, ಕಳೆದ ತಿಂಗಳ ತನಕ.

ಅವತ್ತು ಹನ್ನೊಂದು ಬಿಯರ್ ಇದ್ದವು. ಅದರಲ್ಲಿ ಏಳು ಹೆಸರು ಕೇಳಿದರೆ ನೀವು ಬೇಕರಿಗೆ ಬಂದಿದೀವಿ ಅಂದ್ಕೋಬೇಕು. ಟಿರಮಿಸು, ತೆಂಗಿನಕಾಯಿ ಮ್ಯಾಕರೂನ್, ಕಡ್ಲೇಬೀಜದ ಬೆಣ್ಣೆ ಹಾಕಿದ ಚಾಕೊಲೇಟು, ದಾಲ್ಚಿನ್ನಿ ರೋಲ್, ಹೀಗೆ. ಆರನೆಯದಾಗಿ ಬಂದದ್ದು ಶೇಕಡಾ 13 ಆಲ್ಕೋಹಾಲಿನ ಒಂದು ಸಿಹಿ ಸ್ಟೌಟ್, ಯಾರದ್ದು ಅಂತ ಹೇಳಲ್ಲ. ಮೂಸಿದರೆ ಥೇಟ್ ಕೇಕು. ಎಲ್ಲರೂ "ವಾಹ್" ಅಂದರು. ನಾನು 4.75 ಕೊಟ್ಟೆ. ಏಳನೆಯದು ನಮ್ಮ ಹಾಸನದ್ದು.

ಹಾಸನ ಅಂದರೆ ಊರಲ್ಲ, ನಮ್ಮ ಗೆಳೆಯ. ಇಂಜಿನಿಯರಿಂಗ್ ಹಾಸ್ಟೆಲಿನಿಂದಲೂ ಅವನ ಹೆಸರೇ ಹಾಸನ. ಅವನು ಮನೆಯಲ್ಲೇ ಬಿಯರ್ ಮಾಡ್ತಾನೆ (ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳೋದಕ್ಕೆ 1978ರಲ್ಲೇ ಫೆಡರಲ್ ಕಾನೂನು ಒಪ್ಪಿಗೆ ಕೊಟ್ಟಿದೆ, ಗಾಬರಿಯಾಗಬೇಡಿ). ಒಂದೂವರೆ ವರ್ಷದಿಂದ ಒಂದೇ ಬಿಯರನ್ನ ತಿದ್ದುತ್ತಿದ್ದ: ಐರಿಶ್ ಶೈಲಿಯ ಡ್ರೈ ಸ್ಟೌಟ್. ಮಾಲ್ಟು, ಹುರಿದ ಬಾರ್ಲಿ, ಹಾಪ್ಸ್, ಯೀಸ್ಟು, ನೀರು. ಅಷ್ಟೇ. ಆಲ್ಕೋಹಾಲ್ ಶೇಕಡಾ 4.2. ಐದನೇ ಬ್ಯಾಚು ಸರಿಯಾಗಿ ಬಂದಿದೆ ಅಂತ ಮೊದಲ ಸಲ ನಮ್ಮೆದುರು ತಂದಿದ್ದ.

ಬಾಯಿಗಿಟ್ಟೆ. ನೀರು ನೀರು ಅನ್ನಿಸಿತು. 3.25 ಒತ್ತಿದೆ. ಉಳಿದವರದ್ದೂ ಹೆಚ್ಚೂ ಕಮ್ಮಿ ಅಷ್ಟೇ. ಹಾಸನ ಏನೂ ಅನ್ನಲಿಲ್ಲ. ಎರಡು ವಾರ ಬಿಟ್ಟು ಫೋನ್ ಮಾಡಿದ. "ಮಗಾ, ಅದಕ್ಕೆ ವೆನಿಲ್ಲಾ ಎಷ್ಟು ಹಾಕ್ಲಿ? ಲ್ಯಾಕ್ಟೋಸ್ ಒಂದು ಪೌಂಡ್ ಸಾಕಾ?"

ನನಗೆ ಹೊಟ್ಟೆಯಲ್ಲಿ ಏನೋ ಚುಚ್ಚಿದಂತಾಯಿತು. ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಘಟನೆ ನಡೆದಿತ್ತು. 4.75 ಕೊಟ್ಟಿದ್ದೆನಲ್ಲ, ಆ ಬಿಯರನ್ನ 22 ಡಾಲರ್ ತೆತ್ತು ತಂದು, ಒಂದು ರಾತ್ರಿ ಒಬ್ಬನೇ ಕುಡಿಯಲು ಕೂತಿದ್ದೆ. ಮೊದಲ ಗುಟುಕು ಅಮೋಘ. ನಾಲ್ಕನೇ ಗುಟುಕಿಗೆ ನಾಲಿಗೆ ಅಂಟಂಟು. ಅರ್ಧ ಲೋಟ ಮುಗಿಯೋ ಹೊತ್ತಿಗೆ ನೀರು ಕುಡಿಯಲು ಎದ್ದೆ. ಮುಚ್ಚಳ ಹಾಕಿಟ್ಟ ಬಾಟಲಿ ಫ್ರಿಜ್ಜಿನಲ್ಲಿ ಹಾಗೇ ಕೂತಿತ್ತು.

ಅದನ್ನ ಹಾಸನನ ಮನೆಗೆ ಒಯ್ದೆ. ಅವನ ಬಳಿ ಹೈಡ್ರೋಮೀಟರ್ ಇದೆ. ನಮ್ಮೂರ ಹಾಲಿನ ಡೈರಿಯಲ್ಲಿ ಹಾಲಿಗೆ ಇಳಿಬಿಡೋ ಲ್ಯಾಕ್ಟೋಮೀಟರಿನ ಅಣ್ಣ ಅಂದ್ಕೊಳ್ಳಿ. ಗ್ಯಾಸ್ ಹೋಗಲಿ ಅಂತ ಕಾಫಿ ಆರಿಸೋ ಹಾಗೆ ಲೋಟದಿಂದ ಲೋಟಕ್ಕೆ ಹೊಯ್ದು, ಕೊಳವೆಗೆ ಹಾಕಿ ಮೀಟರ್ ಬಿಟ್ಟ. ನೀರಿಗೆ ಅದು 1.000 ತೋರಿಸುತ್ತೆ. ಹಾಸನನ ಸ್ಟೌಟಿಗೆ 1.010. ನಮ್ಮ ಚಾಂಪಿಯನ್ನಿಗೆ 1.058.

ಈ ಸಂಖ್ಯೆಯ ಅರ್ಥ ಸ್ವಲ್ಪ ಬಿಡಿಸಿ ಹೇಳ್ತೀನಿ. ಒಂದು ಮಾಮೂಲಿ ಪೇಲ್ ಏಲ್‌ಗೆ ಯೀಸ್ಟ್ ಹಾಕೋ ಮುಂಚೆ, ಅಂದರೆ ಅದು ಬರೀ ಮಾಲ್ಟಿನ ಸಿಹಿ ಕಷಾಯವಾಗಿರುವಾಗ, ಅದರ ಸಾಂದ್ರತೆ 1.045ರಿಂದ 1.060 ಇರುತ್ತೆ. ಯೀಸ್ಟ್ ಆ ಸಕ್ಕರೆಯನ್ನ ತಿಂದು ಆಲ್ಕೋಹಾಲ್ ಮಾಡಿ 1.010ರ ಆಸುಪಾಸಿಗೆ ಇಳಿಸಿದ ಮೇಲೆ ಅದು ಬಿಯರ್. ನಾನು 4.75 ಕೊಟ್ಟದ್ದು ಎಲ್ಲಾ ಹುದುಗಿ ಮುಗಿದ ಮೇಲೂ ಆ ಕಷಾಯದಷ್ಟು ಗಟ್ಟಿ. ಕೋಲಾ ಕೂಡ 1.040ರ ಹತ್ತಿರ ಇರೋದು. ಆಲ್ಕೋಹಾಲ್ ನೀರಿಗಿಂತ ಹಗುರ, ಅದು ಮೀಟರನ್ನ ಕೆಳಕ್ಕೆ ಎಳೆಯುತ್ತೆ. ಹಾಗಾಗಿ ಅದರೊಳಗೆ ಕರಗಿರೋದು 1.058 ತೋರಿಸುವುದಕ್ಕಿಂತ ಜಾಸ್ತಿಯೇ. ಎಲ್ಲವೂ ಸಿಹಿ ಸಕ್ಕರೆ ಅಲ್ಲ, ಡೆಕ್ಸ್ಟ್ರಿನ್ ಇರುತ್ತೆ, ಒಪ್ಪಿದೆ. ಆದರೂ!

ಈ ಜಾತಿಯ ಬಿಯರಿಗೆ ಪೇಸ್ಟ್ರಿ ಸ್ಟೌಟ್ ಅಂತಾರೆ. ಮಜಾ ಅಂದರೆ ಆ ಹೆಸರನ್ನ ಅಮೆರಿಕದ ಒಬ್ಬ ಬಿಯರ್ ಬ್ಲಾಗರ್ ಬಳಸಿದ್ದು ಗೇಲಿಗೆ. ಈಗ ಕಂಪನಿಗಳೇ ಹೆಮ್ಮೆಯಿಂದ ಹಾಕ್ಕೊಳ್ತವೆ. ಸ್ವೀಡನ್ನಿನ ಒಮ್ನಿಪೊಲೊ ‘ನೋವಾ ಪೆಕನ್ ಮಡ್ ಕೇಕ್’ ಮಾಡುತ್ತೆ, ನ್ಯೂಯಾರ್ಕ್ ರಾಜ್ಯದ ಸದರ್ನ್ ಟಿಯರ್ ‘ಕ್ರೆಮ್ ಬ್ರುಲೇ’ ಮಾಡಿತು. ಮಾಡಲಿ. ಮಾಡುವವರ ಮೇಲೆ ನನ್ನ ತಕರಾರಿಲ್ಲ. ಅವರು ಮಾರೋದು ನಾವು ಯಾವುದಕ್ಕೆ ಅಂಕ ಕೊಡ್ತೀವೋ ಅದನ್ನ. ತಕರಾರಿರೋದು ಅಂಕ ಕೊಡೋ ನಮ್ಮ ಪದ್ಧತಿಯ ಮೇಲೆ.

ಮೊದಲನೇ ತಪ್ಪು, ಗುಟುಕು. 60 ಮಿ.ಲೀ.ನಲ್ಲಿ ಸಿಹಿ ಯಾವತ್ತೂ ಗೆಲ್ಲುತ್ತೆ. ಇದು ನನ್ನ ಸಂಶೋಧನೆ ಅಲ್ಲ. 1975ರಲ್ಲಿ ಪೆಪ್ಸಿಯವರು ಬೀದಿಬೀದಿಯಲ್ಲಿ ಜನಕ್ಕೆ ಹೆಸರು ಮುಚ್ಚಿದ ಎರಡು ಲೋಟದಿಂದ ಗುಟುಕು ಕುಡಿಸಿ ಯಾವುದು ರುಚಿ ಅಂತ ಕೇಳಲು ಶುರು ಮಾಡಿದರು. ಬಹಳ ಜನ ಹೆಚ್ಚು ಸಿಹಿಯಾದ ಪೆಪ್ಸಿಯನ್ನೇ ತೋರಿಸಿದರು. ಕೋಕಾ-ಕೋಲಾ ಹೆದರಿತು. ಹತ್ತಿರ ಹತ್ತಿರ ಎರಡು ಲಕ್ಷ ಜನರ ಮೇಲೆ ರುಚಿಪರೀಕ್ಷೆ ಮಾಡಿ, 1985ರ ಏಪ್ರಿಲ್‌ನಲ್ಲಿ ಹೆಚ್ಚು ಸಿಹಿಯ ಹೊಸ ಕೋಕ್ ತಂದಿತು. ಜನ ಎಷ್ಟು ಬೈದರೆಂದರೆ 79 ದಿನಕ್ಕೆ ಹಳೆಯದನ್ನ ವಾಪಸ್ ತರಬೇಕಾಯಿತು. ಹಳೆಯದರ ಮೇಲಿನ ಮಮಕಾರವೂ ಅದರಲ್ಲಿ ಸೇರಿತ್ತು, ನಿಜ. ಆದರೆ ಒಂದು ಗುಟುಕಿಗೆ ಗೆದ್ದದ್ದು ಇಡೀ ಕ್ಯಾನಿಗೆ ಗೆಲ್ಲಬೇಕೆಂದಿಲ್ಲ ಅನ್ನೋ ಪಾಠ ನಲವತ್ತು ವರ್ಷ ಹಳೆಯದು. ನಾವದನ್ನ ಬಿಯರಿನಲ್ಲಿ ಹೊಸದಾಗಿ ಫೇಲಾಗಿ ಕಲಿಯುತ್ತಿದ್ದೀವಿ. ಲಾಗಿನ್ ಪುಟ ಚೆನ್ನಾಗಿದೆ ಅಂತ ಇಡೀ ಸಾಫ್ಟ್‌ವೇರನ್ನ ಪಾಸ್ ಮಾಡೋ ಟೆಸ್ಟರನ್ನ ನಮ್ಮ ಆಫೀಸಿನಲ್ಲಿ ಇಟ್ಕೊಳ್ತೀವಾ?

ಎರಡನೇ ತಪ್ಪು, ಸರದಿ. ಬಿಯರ್ ಆಗಲಿ ವೈನ್ ಆಗಲಿ, ಹಗುರದಿಂದ ಗಟ್ಟಿಗೆ, ಸಿಹಿ ಇಲ್ಲದ್ದರಿಂದ ಸಿಹಿಗೆ ಹೋಗಬೇಕು ಅನ್ನೋದು ಟೇಸ್ಟಿಂಗಿನ ಒಂದನೇ ಕ್ಲಾಸಿನ ಪಾಠ. ನಾವು ಶೇಕಡಾ 13ರ ಕೇಕು ತಿಂದು, ಅದರ ಬೆನ್ನಿಗೇ 4.2ರ ಡ್ರೈ ಸ್ಟೌಟ್ ಕುಡಿದು "ನೀರು" ಅಂದೆವು. ಮೈಸೂರುಪಾಕು ತಿಂದ ಬಾಯಿಗೆ ಕಾಫಿ ಕುಡಿದು ಕಾಫಿಪುಡಿ ಅಂಗಡಿಯವನಿಗೆ ಬೈದ ಹಾಗೆ.

ಮೂರನೆಯದು ದೊಡ್ಡ ತಪ್ಪು. ನಾವು ಬಿಯರಿಗೆ ಅಂಕ ಕೊಡ್ತಿಲ್ಲ, ಹೋಲಿಕೆಗೆ ಕೊಡ್ತಿದ್ದೀವಿ. ಲೇಬಲ್ಲಿನಲ್ಲಿ ಟಿರಮಿಸು ಅಂತಿದೆ, ಮೂಗಿಗೆ ಟಿರಮಿಸು ಬಂತು, ಐದಕ್ಕೆ ಐದು! ವೇಷ ಹಾಕಿದವನು ಥೇಟ್ ಹನುಮಂತನ ಥರ ಇದ್ದ ಅಂತ ಬಹುಮಾನ ಕೊಟ್ಟೆವೇ ಹೊರತು ಅವನಿಗೆ ಹಾಡೋಕೆ, ಕುಣಿಯೋಕೆ ಬರುತ್ತಾ ಅಂತ ನೋಡಲೇ ಇಲ್ಲ. 1985ರಲ್ಲಿ ಶುರುವಾದ ಬಿ.ಜೆ.ಸಿ.ಪಿ. ಅನ್ನೋ ಬಿಯರ್ ತೀರ್ಪುಗಾರರ ಸಂಸ್ಥೆಯ ಅಂಕಪಟ್ಟಿ ನೋಡಿ. ಒಟ್ಟು 50: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿನ ಮೈಕಟ್ಟಿಗೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಮಸಾಲೆ, ತರಕಾರಿ ಹಾಕಿದ ಬಿಯರುಗಳ ಬಗ್ಗೆ ಅವರ ನಿಯಮದ ತಾತ್ಪರ್ಯ ಇಷ್ಟೇ: ಹಾಕಿದ್ದು ಗೊತ್ತಾಗಬೇಕು, ಹೊಂದಿಕೊಂಡಿರಬೇಕು, ಮತ್ತು ಅದು ಇನ್ನೂ ಬಿಯರ್ ಅಂತಲೂ ಗೊತ್ತಾಗಬೇಕು. ಅವರೂ ಕುಡಿಯೋದು ಚೂರೇ ಚೂರು. ಆದರೆ ಕೇಳಬೇಕಾದ ಪ್ರಶ್ನೆ ಕೇಳ್ತಾರೆ.

ಇದರಲ್ಲಿ ನನಗೆ ಬೇಜಾರಾಗೋದು ಏನು ಗೊತ್ತಾ? ಸಿಹಿತಿಂಡಿಯ ರುಚಿ ಬಿಯರಿಗೆ ಹೊರಗಿನದೇ ಅಲ್ಲ. ಮಾಲ್ಟನ್ನ ಹುರಿದರೆ ಚಾಕೊಲೇಟು, ಕಾಫಿ ತಾನಾಗೇ ಬರುತ್ತೆ. ಕ್ರಿಸ್ಟಲ್ ಮಾಲ್ಟಿನಲ್ಲಿ ಟಾಫಿ ಇದೆ. ಜರ್ಮನಿಯ ಗೋಧಿ ಬಿಯರಿನ ಯೀಸ್ಟು ಬಾಳೆಹಣ್ಣು, ಲವಂಗದ ಪರಿಮಳ ತರುತ್ತೆ, ಯಾರೂ ಹಣ್ಣು ಹಾಕಿರಲ್ಲ. ಇದೇ ಶಿಕಾಗೋದ ಗೂಸ್ ಐಲ್ಯಾಂಡಿನವರು 1990ರ ದಶಕದಿಂದ ಬರ್ಬನ್ ವಿಸ್ಕಿಯ ಪೀಪಾಯಿಗಳಲ್ಲಿ ಸ್ಟೌಟ್ ತುಂಬಿಡ್ತಾರೆ. ಓಕ್ ಮರದಿಂದಲೇ ವೆನಿಲ್ಲಾ, ತೆಂಗಿನಕಾಯಿಯ ಘಮ ಇಳಿಯುತ್ತೆ. ಇದನ್ನೆಲ್ಲ ಹೊರತೆಗೆಯೋದು ಕೆಲಸ. ಹಾಸನ ಐದು ಬ್ಯಾಚು, ಒಂದೂವರೆ ವರ್ಷ ತೆಗೆದುಕೊಂಡದ್ದು ಆ ಕೆಲಸಕ್ಕೆ. ಅದಕ್ಕೆ ನಮ್ಮ ಅಂಕಪಟ್ಟಿಯಲ್ಲಿ ಕಾಲಂ ಇರಲಿಲ್ಲ.

"ಅಯ್ಯೋ, ನೀನೊಬ್ಬ ಮಡಿವಂತ. ಜನಕ್ಕೆ ಇಷ್ಟ ಆದ್ರೆ ನಿನ್ನ ಗಂಟೇನು ಹೋಯ್ತು?" ಅಂತ ಗುಂಪಿನಲ್ಲಿ ಒಬ್ಬ ಕೇಳಿದ. ಮಡಿವಂತಿಕೆ ಅಲ್ಲ ಸ್ವಾಮಿ. ಇಂಗ್ಲೆಂಡಿನ ಮ್ಯಾಕಿಸನ್ 1907ರಲ್ಲೇ ಲ್ಯಾಕ್ಟೋಸ್ ಹಾಕಿ ಮಿಲ್ಕ್ ಸ್ಟೌಟ್ ಮಾಡಿತ್ತು. ಹಾಲಿನ ಈ ಸಕ್ಕರೆಯನ್ನ ಬಿಯರಿನ ಯೀಸ್ಟು ತಿನ್ನಲಾರದು, ಹಾಗಾಗಿ ಹಾಗೇ ಉಳಿದು ಬಿಯರಿಗೆ ಮೈ ತುಂಬಿಕೊಡುತ್ತೆ. ಕೊಲರಾಡೋದ ಲೆಫ್ಟ್ ಹ್ಯಾಂಡ್ ಮಿಲ್ಕ್ ಸ್ಟೌಟನ್ನ ನಾನು ಲೋಟಗಟ್ಟಲೆ ಖುಷಿಯಿಂದ ಕುಡಿದಿದ್ದೀನಿ. ಇಲ್ಲೇ ಪಕ್ಕದ ಇಂಡಿಯಾನಾದ ಥ್ರೀ ಫ್ಲಾಯ್ಡ್ಸ್‌ನವರ ಡಾರ್ಕ್ ಲಾರ್ಡ್‌ಗೆ ಕಾಫಿ, ಮೆಕ್ಸಿಕೋದ ವೆನಿಲ್ಲಾ ಜತೆ "ಇಂಡಿಯನ್ ಶುಗರ್" ಹಾಕಿದ್ದೀವಿ ಅಂತ ಅವರೇ ಹೇಳ್ತಾರೆ. ಬೆಲ್ಲ ಇರಬಹುದೇ ಅಂತ ನಾವು ಒಂದು ಸಂಜೆ ಇಡೀ ಜಗಳ ಆಡಿದ್ದೀವಿ :-) ಅದೂ ಸಿಹಿಯೇ. ನಾಲ್ಕು ಜನ ಹಂಚಿಕೊಂಡು ಊಟ ಆದ ಮೇಲೆ ಕುಡಿದರೆ ಸೊಗಸು. ಪಾಯಸ ಕೆಟ್ಟದ್ದು ಅಂತ ಯಾರು ಹೇಳಿದರು? ಎಲೆಯ ತುಂಬ ಪಾಯಸವೇ ಬಡಿಸಿ, ಸಾರಿಗೆ ಮೂರೂಕಾಲು ಕೊಟ್ಟರೆ ಊಟ ಹೇಗಾದೀತು ಅನ್ನೋದು ನನ್ನ ಪ್ರಶ್ನೆ.

ನಮ್ಮ ಅಜ್ಜಿ ಹೋಳಿಗೆ ದಿನ ಬೇಳೆ ಬಸಿದ ಕಟ್ಟನ್ನ ಚೆಲ್ಲುತ್ತಿರಲಿಲ್ಲ. ಅದಕ್ಕೆ ಹುಣಸೆ, ಖಾರ ಹಾಕಿ ಹೋಳಿಗೆ ಸಾರು ಮಾಡುತ್ತಿದ್ದಳು. ಎರಡನೇ ಹೋಳಿಗೆ ತಿನ್ನೋ ತಾಕತ್ತು ಬರುತ್ತಿದ್ದುದೇ ಆ ಸಾರಿನಿಂದ. ಬಿಯರಿನಲ್ಲಿ ಆ ಸಾರಿನ ಕೆಲಸ ಮಾಡೋದು ಹಾಪ್ಸಿನ ಕಹಿ, ಹುರಿದ ಬಾರ್ಲಿಯ ಒಗರು. ಅದನ್ನ ತೆಗೆದು ಬರೀ ಹೂರಣ ಉಳಿಸಿದರೆ ಮೊದಲ ತುತ್ತಿಗೆ ಸ್ವರ್ಗ, ಐದನೇ ತುತ್ತಿಗೆ ಶಿಕ್ಷೆ.

ಹಾಗಾಗಿ ನಮ್ಮ ಗುಂಪಿಗೆ ನಾನು ಮೂರು ನಿಯಮ ಹಾಕಿದೀನಿ. ಒಂದು, ಗುಟುಕು ಕುಡಿದದ್ದಕ್ಕೆ ಅಂಕ ಇಲ್ಲ. ಲೋಟದ ಕೊನೇ ಗುಟುಕಿನ ಮೇಲೆ ಅಂಕ. ಸಿಹಿ, ಗಟ್ಟಿ ಬಿಯರಾದರೆ ಚಿಕ್ಕ ಲೋಟ ಸರಿ, ಆದರೆ ಒಂದು ಸಂಜೆಗೆ ಒಂದೋ ಎರಡೋ ಮಾತ್ರ. ಎರಡು, ಸುರಿಯುವವನೊಬ್ಬನಿಗೆ ಮಾತ್ರ ಲೇಬಲ್ ಗೊತ್ತಿರಬೇಕು. ಹೆಸರು ಓದದೆ ಅದು ಟಿರಮಿಸು ಅಂತ ಎಷ್ಟು ಜನ ಹೇಳ್ತೀರೋ ನೋಡೋಣ. ಮೂರು, ಸಿಹಿಯದ್ದು ಕೊನೆಗೆ. ಎಂಟರಲ್ಲಿ ಇಬ್ಬರು ಒಪ್ಪಿದ್ದಾರೆ, ಮೂವರು ಮೆಸೇಜ್ ಓದಿ ಸುಮ್ಮನಿದ್ದಾರೆ.

ಹೋದ ಶನಿವಾರ ಹಾಸನನ ಮನೆಗೆ ಮತ್ತೆ ಹೋದೆ. ಐದನೇ ಬ್ಯಾಚಿನಲ್ಲಿ ಆರು ಬಾಟಲಿ ಉಳಿದಿತ್ತು. ಬೇರೇನೂ ಕುಡಿಯದೆ ಒಂದು ಪೂರ್ತಿ ಲೋಟ ಸುರಿಸಿಕೊಂಡೆ. ಮೊದಲು ಒಳ್ಳೆ ಡಿಕಾಕ್ಷನ್ನಿನ ಕಹಿ, ಆಮೇಲೆ ಸುಟ್ಟ ರೊಟ್ಟಿಯ ಅಂಚು, ನಡುವೆ ಎಲ್ಲೋ ತೆಳ್ಳಗೆ ಚಾಕೊಲೇಟು. ಲೋಟ ಖಾಲಿಯಾದದ್ದೇ ಗೊತ್ತಾಗಲಿಲ್ಲ. ಇನ್ನೊಂದು ಕೇಳಿದೆ.

"ಮತ್ತೆ ಅವತ್ತು ಮೂರೂಕಾಲು ಕೊಟ್ಟೆ?" ಅಂದ.

"ತಪ್ಪಾಯ್ತು ಕಣೋ. ಅವತ್ತು ನಾನು ಅದನ್ನ ಕುಡಿದೇ ಇರಲಿಲ್ಲ" ಅಂದೆ.

ಲ್ಯಾಕ್ಟೋಸಿನ ಪೊಟ್ಟಣ ಅವನ ಅಡುಗೆಮನೆ ಕಟ್ಟೆಯ ಮೇಲೆ ಇನ್ನೂ ಒಡೆಯದೆ ಕೂತಿತ್ತು. ಆರನೇ ಬ್ಯಾಚು ಬರೋ ವಾರ ಹಾಕ್ತಾನಂತೆ. ಪೊಟ್ಟಣ ಒಡೆಯುತ್ತಾನೋ ಇಲ್ಲವೋ ಇನ್ನೂ ಹೇಳಿಲ್ಲ.

ನೀವೂ ಪುಸ್ತಕ, ಸಿನಿಮಾ, ಹೋಟೆಲಿನ ದೋಸೆ ಅಂತ ನಕ್ಷತ್ರ ಒತ್ತುವವರೇ ಅಲ್ವಾ? ಕೊನೆಯ ತನಕ ನೋಡಿ, ಓದಿ, ತಿಂದು ಒತ್ತಿದ್ದು ಎಷ್ಟು? ನಾನಂತೂ ನನ್ನ ಆರುನೂರನ್ನ ಅಳಿಸಲು ಶುರು ಮಾಡಿದೀನಿ. ಬೈಯೋದಿದ್ದರೆ ಕೆಳಗೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.