ಚೀನಾದವರು ಗಂಜಿ ಮಾರ್ತಾರೆ, ನಾವ್ಯಾಕೆ ನುಚ್ಚು ಮಾರಬಾರದು?

ನಮ್ಮ ಭಾಗದಲ್ಲಿ ‘ಚೈನೀಸ್’ ಅಂದರೆ ಏನು ಅಂತ ಯಾರನ್ನಾದರೂ ಕೇಳಿ ನೋಡಿ. ಸಂಜೆ ಆರಕ್ಕೆ ಬಸ್ ನಿಲ್ದಾಣದ ಎದುರು ಬಂದು ನಿಲ್ಲುವ ಗಾಡಿ, ಭರ್ ಅಂತ ಉರಿಯುವ ಒಲೆ, ಕೆಂಪಗೆ ಹೊಳೆಯುವ ಗೋಬಿ, ಒಂದು ಪ್ಲೇಟ್ ಎಗ್ ರೈಸ್. ಇಷ್ಟೇ ಉತ್ತರ. ಬಾಗಲಕೋಟೆಯಲ್ಲಿ ಕೇಳಿದರೂ ಇದೇ, ಹುನಗುಂದದಲ್ಲಿ ಕೇಳಿದರೂ ಇದೇ.

ಹಾಗಾದರೆ ಚೀನಾದವರು ಬೆಳಿಗ್ಗೆ ಎದ್ದು ಏನು ತಿನ್ನುತ್ತಾರೆ? ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಇಳಕಲ್ಲಿನ ಗೆಳೆಯನೊಬ್ಬ ಹೇಳಿದ ಮೇಲೆ ಮಾತ್ರ ತಲೆಯಲ್ಲಿ ಕೂತಿತು.

ಇಳಕಲ್ಲಿನ ಕೆಂಪು ಗ್ರಾನೈಟ್ ನಿಮಗೆಲ್ಲ ಗೊತ್ತು. ನಮ್ಮ ದೇಶದಿಂದ ಹೊರಗೆ ಹೋಗುವ ಗ್ರಾನೈಟ್ ಬಂಡೆಗಳಿಗೆ ದೊಡ್ಡ ಗಿರಾಕಿ ಚೀನಾ. ಅಲ್ಲಿ ಸಮುದ್ರದ ದಂಡೆಗೆ ಶಿಯಾಮೆನ್ ಅಂತ ಒಂದು ಊರಿದೆ. ಅಲ್ಲಿ ವರ್ಷಕ್ಕೊಮ್ಮೆ ಕಲ್ಲಿನ ದೊಡ್ಡ ಮೇಳ ನಡೆಯುತ್ತದೆ. ಗ್ರಾನೈಟ್ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗೆಳೆಯ 2019ರ ಮಾರ್ಚ್‌ನಲ್ಲಿ ತನ್ನ ಮಾಲೀಕರ ಜೊತೆ ಆ ಮೇಳಕ್ಕೆ ಹೋಗಿದ್ದ.

“ಹೊಂಟಾಗ ಅವ್ವ ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿದ್ಲು. ಅಲ್ಲಿ ಹಾವು ಹಲ್ಲಿ ತಿಂತಾರಂತ, ನೀ ಏನೂ ಮುಟ್ಟಬ್ಯಾಡಪಾ ಅಂದಿದ್ಲು” ಅಂತ ಅವನೇ ನಗುತ್ತ ಹೇಳಿದ.

ಎರಡನೇ ದಿನ ಬೆಳಿಗ್ಗೆ ಚಹಾ ಸಿಗುತ್ತದೇನೋ ಅಂತ ಹೊರಗೆ ಹೋದವನು ಒಂದು ಫುಡ್ ಕೋರ್ಟ್ ಹೊಕ್ಕಿದ್ದಾನೆ. ದೊಡ್ಡ ಹಾಲ್, ಸುತ್ತಲೂ ಸಣ್ಣ ಸಣ್ಣ ಕೌಂಟರ್, ನಡುವೆ ಟೇಬಲ್ಲು. ಆಫೀಸಿಗೆ ಹೋಗುವವರು, ಕಟ್ಟಡದ ಕೆಲಸದವರು, ಶಾಲೆ ಮಕ್ಕಳು ಎಲ್ಲ ಒಂದೇ ಸಾಲಲ್ಲಿ ನಿಂತಿದ್ದಾರೆ. ಭಾಷೆ ಬರದಿದ್ದರೂ ಚಿಂತೆಯಿಲ್ಲ. ಬೆರಳು ತೋರಿಸಿದರೆ ಬಟ್ಟಲಿಗೆ ಹಾಕಿ ಕೊಡುತ್ತಾರೆ.

ಆ ಕೌಂಟರಿನಲ್ಲಿ ಇದ್ದದ್ದು ಏನು ಗೊತ್ತೇ? ಒಂದು ದೊಡ್ಡ ಪಾತ್ರೆಯಲ್ಲಿ ಅಕ್ಕಿ ಗಂಜಿ. ಪಕ್ಕದಲ್ಲಿ ಅದಕ್ಕೆ ನಂಜಿಕೊಳ್ಳಲು ಉಪ್ಪಿನಲ್ಲಿ ಹಾಕಿದ ತರಕಾರಿ, ಹುರಿದ ಶೇಂಗಾ. ಇನ್ನೊಂದು ಪಾತ್ರೆಯಲ್ಲಿ ಸೋಯಾ ಕಾಳು ರುಬ್ಬಿ ಸೋಸಿ ಕುದಿಸಿದ ಹಾಲು. ಹಬೆಯಲ್ಲಿ ಬೇಯಿಸಿದ ಗೋಧಿ ಹಿಟ್ಟಿನ ಬಿಳಿ ಉಂಡೆ, ನೋಡಲು ನಮ್ಮ ಕಡುಬಿನ ಹಾಗೆ. ಮೊಳದುದ್ದ ಕರಿದ ಹಿಟ್ಟಿನ ಕೋಲು. ಮತ್ತೆ ಶಿಯಾಮೆನ್ ಊರಿನದೇ ಒಂದು ವಿಶೇಷ: ಶೇಂಗಾ ಬೀಜವನ್ನು ಬೆಣ್ಣೆಯಷ್ಟು ಮೆತ್ತಗಾಗುವ ತನಕ ಬೇಯಿಸಿ ಸಕ್ಕರೆ ಹಾಕಿದ ಬಿಸಿ ಬಿಸಿ ಶೇಂಗಾ ಸಾರು. ಅಲ್ಲಿಯ ಜನ ಕರಿದ ಕೋಲನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ.

ಗಂಜಿಯಲ್ಲಿ ಹಂದಿ ಮಾಂಸ, ಮೀನು ಹಾಕಿದ್ದೂ ಇರುತ್ತದೆ, ಏನೂ ಹಾಕದ ಬಿಳಿ ಗಂಜಿಯೂ ಇರುತ್ತದೆ. ಗೆಳೆಯ ಬಿಳಿ ಗಂಜಿ ತಗೊಂಡ. ಶೇಂಗಾ ಸಾರು ತಗೊಂಡ. ಚೀಲದಿಂದ ಅವ್ವನ ಗುರೆಳ್ಳು ಚಟ್ನಿ ತೆಗೆದು ಗಂಜಿಯ ಮೇಲೆ ಉದುರಿಸಿಕೊಂಡ.

“ಖರೇ ಹೇಳ್ತೀನಿ, ಕಣ್ಣು ಮುಚ್ಚಿದ್ರ ನಮ್ಮ ಮನಿ ಆಗಿತ್ತು” ಅಂದ.

ಆ ಕರಿದ ಕೋಲಿಗೆ ಒಂದು ಕತೆ ಇದೆ. ಹೆಸರು ಯೂತ್ಯಾವ್. 12ನೇ ಶತಮಾನದಲ್ಲಿ ಚೀನಾದಲ್ಲಿ ಯುವೆ ಫೇ ಎಂಬ ಸೇನಾಪತಿ ಇದ್ದ. ಚಿನ್ ಹುಯಿ ಎಂಬ ಮಂತ್ರಿ ಸುಳ್ಳು ಆರೋಪ ಹೊರಿಸಿ 1142ರಲ್ಲಿ ಅವನನ್ನು ಕೊಲ್ಲಿಸಿದ. ಜನ ಏನೂ ಮಾಡುವಂತಿರಲಿಲ್ಲ. ಆಗ ಒಬ್ಬ ವ್ಯಾಪಾರಿ ಹಿಟ್ಟಿನಲ್ಲಿ ಮಂತ್ರಿ ಮತ್ತು ಅವನ ಹೆಂಡತಿಯ ಗೊಂಬೆ ಮಾಡಿ, ಎರಡನ್ನೂ ಬೆನ್ನಿಗೆ ಬೆನ್ನು ಅಂಟಿಸಿ ಕಾದ ಎಣ್ಣೆಗೆ ಬಿಟ್ಟನಂತೆ. ಇವತ್ತಿಗೂ ಆ ಕೋಲು ಜೋಡಿಯಾಗೇ ಇರುತ್ತದೆ. ದಕ್ಷಿಣ ಚೀನಾದ ಕೆಲವು ಕಡೆ ಅದನ್ನು ‘ಎಣ್ಣೆಯಲ್ಲಿ ಕರಿದ ದೆವ್ವ’ ಅಂತಲೇ ಕರೆಯುತ್ತಾರೆ. ದಂತಕತೆ ಇರಬಹುದು. ಆದರೆ ನೋಡಿ, ದಿನಾ ಬೆಳಗಿನ ನಾಷ್ಟಾದಲ್ಲೂ ಅವರು ತಮ್ಮ ಊರಿನ ಕತೆ ಉಳಿಸಿಕೊಂಡಿದ್ದಾರೆ.

ಗೆಳೆಯ ವಾಪಸ್ ಬಂದಾಗ ಚೀಲದಲ್ಲಿ ಅರ್ಧ ರೊಟ್ಟಿ ಹಾಗೇ ಉಳಿದಿದ್ದವು. “ಮತ್ತೇನ್ ತಿಂದ್ಯೋ ಅಲ್ಲಿ?” ಅಂತ ಅವ್ವ ಕೇಳಿದರೆ, “ಗಂಜಿ” ಅಂದನಂತೆ. “ಗಂಜಿ ಕುಡಿಯಾಕ ಇಮಾನ ಹತ್ತಿ ಅಷ್ಟು ದೂರ ಹೋಗಬೇಕಿತ್ತಾ?” ಅಂತ ಆಕೆ ನಕ್ಕಳಂತೆ.

ಅವ್ವ ನಕ್ಕಿದ್ದು ಸರಿ. ಆದರೆ ನಾವು ಅಷ್ಟಕ್ಕೇ ಬಿಡಬಾರದು. ಯಾಕೆ ಅಂತ ಹೇಳುತ್ತೇನೆ.

ಸುದ್ದಿಯ ಕೆಲಸಕ್ಕೆ ಅಂತ ನಾನು ವಾರದಲ್ಲಿ ನಾಲ್ಕು ದಿನವಾದರೂ ಬೆಳಿಗ್ಗೆ ಏಳಕ್ಕೆ ಯಾವುದಾದರೂ ಬಸ್ ನಿಲ್ದಾಣದಲ್ಲಿ ಇರುತ್ತೇನೆ. ಬಾಗಲಕೋಟೆಯಲ್ಲಿ ನಾಷ್ಟಾ ಅಂದರೆ ಇಡ್ಲಿ, ವಡೆ, ಪೂರಿ. ಬಾದಾಮಿಯಲ್ಲಿ ಉಪ್ಪಿಟ್ಟು, ಅವಲಕ್ಕಿ. ಹುನಗುಂದದಲ್ಲಿ ಸೂಸಲಾ, ಮಿರ್ಚಿ. ಇಳಕಲ್ಲಿನಲ್ಲಿ ಮತ್ತೆ ಇಡ್ಲಿ, ಪೂರಿ. ಎಲ್ಲವೂ ರುಚಿ, ನಾನೂ ತಿನ್ನುತ್ತೇನೆ. ಸೂಸಲಾ ಜೊತೆ ಮಿರ್ಚಿ ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಆದರೆ ಈ ನಾಲ್ಕೂ ಊರು ಇರುವುದು ಎಲ್ಲಿ? ಎರೆ ಹೊಲದ ನಡುವೆ. ಹಿಂಗಾರಿ ಬಿಳಿಜೋಳದ ಸೀಮೆಯಲ್ಲಿ. ಅಲ್ಲೇ ಬೆಳಿಗ್ಗೆ ನಾನು ನಿಲ್ಲುವ ಯಾವ ಕೌಂಟರಿನಲ್ಲೂ ಜೋಳದ ಒಂದು ಪದಾರ್ಥ ಸಿಗುವುದಿಲ್ಲ. ರೊಟ್ಟಿ ಬೇಕೆಂದರೆ ಖಾನಾವಳಿ ಬಾಗಿಲು ತೆಗೆಯುವ ಮಧ್ಯಾಹ್ನದ ತನಕ ಕಾಯಬೇಕು. ನುಚ್ಚು, ಅಂಬಲಿ ಅಂತ ಕೇಳಿದರೆ ಮಾಣಿ ಮುಖ ನೋಡುತ್ತಾನೆ.

ಹುನಗುಂದದ ಹೋಟೆಲ್ ಮಾಲೀಕರೊಬ್ಬರನ್ನು ಒಮ್ಮೆ ಕೇಳಿಯೇಬಿಟ್ಟೆ. “ನುಚ್ಚು ಮನ್ಯಾಗ ಉಣ್ಣೂದ್ರೀ ಸರ್. ಹೋಟೆಲ್‌ದಾಗ ಅದಕ್ಕ ಯಾರು ರೊಕ್ಕಾ ಕೊಡ್ತಾರ? ಬಡವರ ಊಟ ಇಟ್ಟಾನ ಅಂತ ನನ್ನ ಹೋಟೆಲ್ ಹೆಸರು ಕೆಡತೈತಿ” ಅಂದರು.

ಅವರ ಮಾತಿನಲ್ಲಿ ಎರಡು ವಿಷಯ ಇವೆ. ಒಂದು ರೊಕ್ಕದ್ದು, ಒಂದು ಮರ್ಯಾದೆಯದ್ದು.

ಮೊದಲು ರೊಕ್ಕದ ಲೆಕ್ಕ ನೋಡೋಣ. 2025-26ಕ್ಕೆ ಮಾಲ್ದಂಡಿ ಜೋಳಕ್ಕೆ ಕೇಂದ್ರ ಸರ್ಕಾರ ಇಟ್ಟ ಬೆಂಬಲ ಬೆಲೆ ಕ್ವಿಂಟಾಲಿಗೆ 3,749 ರೂಪಾಯಿ. ಅಂದರೆ ಕೆಜಿಗೆ 37 ರೂಪಾಯಿ 49 ಪೈಸೆ. ಅಂಗಡಿಯಲ್ಲಿ ಒಳ್ಳೆ ಜೋಳಕ್ಕೆ 60 ರೂಪಾಯಿ ಕೊಟ್ಟೆವು ಅಂತಲೇ ಇಟ್ಟುಕೊಳ್ಳಿ. ಒಂದು ಬಟ್ಟಲಿಗೆ 50 ಗ್ರಾಂ ನುಚ್ಚು ಹಾಕಿದರೆ ಕೆಜಿಗೆ 20 ಬಟ್ಟಲು. ಒಂದು ಬಟ್ಟಲಿನ ಜೋಳದ ಖರ್ಚು 3 ರೂಪಾಯಿ. ಮಜ್ಜಿಗೆ, ಉಳ್ಳಾಗಡ್ಡಿ, ಚಟ್ನಿ, ಗ್ಯಾಸು, ಆಳಿನ ಕೂಲಿ ಎಲ್ಲ ಸೇರಿಸಿ 20 ರೂಪಾಯಿಗೆ ಮಾರಿದರೂ ಕೈಗೆ ನಾಲ್ಕು ಕಾಸು ಉಳಿಯುತ್ತದೆ. ಇಡ್ಲಿಯ ಹಾಗೆ ರುಬ್ಬುವುದು, ಹುಳಿ ಬರಿಸುವುದು ಇಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಒಂದೇ ದೊಡ್ಡ ಪಾತ್ರೆಯಲ್ಲಿ ಕುದಿಸಿದರೆ ಮುಗಿಯಿತು. ಮಜ್ಜಿಗೆಯನ್ನು ಬಡಿಸುವಾಗ ಬೆರೆಸಿದರೆ ಹೊತ್ತೇರಿದರೂ ಕೆಡುವ ಭಯ ಕಡಿಮೆ. ಚೀನಾದ ಗಂಜಿ ಕೌಂಟರಿನ ಗುಟ್ಟೂ ಇದೇ. ಒಂದು ಪಾತ್ರೆ ಗಂಜಿ, ನಂಜಿಕೊಳ್ಳಲು ಹತ್ತು ತರಹ.

ನಮ್ಮಲ್ಲಿ ನಂಜಿಕೊಳ್ಳಲು ಏನು ಕಡಿಮೆ? ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು. ಸಾಲಾಗಿ ಇಟ್ಟರೆ ಚೀನಾದ ಕೌಂಟರು ನಾಚಬೇಕು.

ಇನ್ನು ಮರ್ಯಾದೆಯ ಮಾತು. ‘ಬಡವರ ಊಟ’ ಅನ್ನುವುದು ಸುಳ್ಳಲ್ಲ. ಬರಗಾಲದಲ್ಲಿ ನಮ್ಮ ಹಿರಿಯರ ಜೀವ ಉಳಿಸಿದ್ದು ಅಂಬಲಿ. ಹಾಗೆಂದು ಚೀನಾದಲ್ಲಿ ಗಂಜಿ ಶ್ರೀಮಂತರ ಊಟ ಆಗಿತ್ತೇ? ಅಲ್ಲಿಯೂ ಬರ ಬಿದ್ದಾಗ ಹಸಿದವರಿಗೆ ಹಂಚುತ್ತಿದ್ದುದು ಇದೇ ಗಂಜಿಯನ್ನೇ. ಬಡತನ ಹೋದ ಮೇಲೆ ಅವರು ಗಂಜಿಯನ್ನು ಬಿಡಲಿಲ್ಲ. ಕೌಂಟರಿಗೆ ತಂದರು. ನಾವು ಬಡತನದ ಜೊತೆ ಅಂಬಲಿಯನ್ನೂ ಮುಚ್ಚಿಡುತ್ತಿದ್ದೇವೆ.

ಜೋಳದ ರೊಟ್ಟಿಗೂ ಹಿಂದೆ ಇದೇ ಮಾತು ಇತ್ತು. ರೊಟ್ಟಿಗೆ ಯಾರು ರೊಕ್ಕ ಕೊಡ್ತಾರೆ ಅಂತಿದ್ದರು. ಈಗ ನಮ್ಮ ಹೆಣ್ಣುಮಕ್ಕಳು ಬಡಿದ ಖಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಬೆಂಗಳೂರಿಗೆ ಹೋಗುತ್ತಿದೆ. ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿ ನೋಡಿ. ಬುಟ್ಟಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ, ಗಡಿಗೆ ಮೊಸರು ಇಟ್ಟುಕೊಂಡು ತಾಯಂದಿರು ಗುಡಿಯ ಹತ್ತಿರ ಕೂತಿರುತ್ತಾರೆ. ಕಾರಿನಲ್ಲಿ ಬಂದವರೂ ನೆಲದ ಮೇಲೆ ಕೂತು ಉಂಡು ಹೋಗುತ್ತಾರೆ. ಜಾತ್ರೆಯ ಮುನ್ನ ಪಲ್ಲೇದ ಹಬ್ಬದಲ್ಲಿ 108 ತರಕಾರಿಯ ಅಡಿಗೆ ನೈವೇದ್ಯ ಆಗುವ ಜಾಗ ಅದು. ಆ ತಾಯಂದಿರ ಬುಟ್ಟಿ ಮಧ್ಯಾಹ್ನಕ್ಕೆ ಖಾಲಿಯಾಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಿರಾಕಿ ಇಲ್ಲ ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು. ಇಲ್ಲದಿರುವುದು ಕೌಂಟರು, ನೆರಳು, ನೀರು.

ಅದನ್ನು ಕೊಡಬೇಕಾದವರು ಯಾರು? ಸಿಂಗಾಪುರದ ಉದಾಹರಣೆ ನೋಡಿ. ಅಲ್ಲಿಯ ಬೀದಿಗಳಲ್ಲಿ ಗಂಜಿ, ನೂಡಲ್ಸ್ ಮಾರುತ್ತಿದ್ದವರನ್ನು ಸರ್ಕಾರ ಓಡಿಸಲಿಲ್ಲ. 1971ರಿಂದ 1986ರ ನಡುವೆ ನೀರು, ಚರಂಡಿ, ಸೂರು ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಕರೆತಂದಿತು. 2020ರಲ್ಲಿ ಯುನೆಸ್ಕೊ ಆ ಊಟದ ಸಂಸ್ಕೃತಿಯನ್ನೇ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮಲ್ಲೂ ಬೀದಿ ಬದಿ ವ್ಯಾಪಾರಿಗಳಿಗೆ 2014ರ ಕಾಯ್ದೆ ಇದೆ. ಊರೂರಿಗೆ ವ್ಯಾಪಾರದ ಜಾಗ ಗುರುತಿಸಿ ಅಂತ ಅದು ನಗರಾಡಳಿತಕ್ಕೆ ಹೇಳುತ್ತದೆ. ಬಾಗಲಕೋಟೆ, ಇಳಕಲ್ಲಿನ ನಗರಸಭೆಗಳು ಬಸ್ ನಿಲ್ದಾಣದ ಹತ್ತಿರ ಮಹಿಳಾ ಸಂಘಗಳಿಗೆ ಅಂತಲೇ ಎರಡು ಕೌಂಟರು ಕೊಟ್ಟರೆ ಖಜಾನೆ ಬರಿದಾಗುವುದಿಲ್ಲ. 2023 ಸಿರಿಧಾನ್ಯದ ವರ್ಷ ಅಂತ ವೇದಿಕೆ ಮೇಲೆ ಎಷ್ಟು ಭಾಷಣ ಆಯಿತು! ಜೋಳವೂ ಆ ಪಟ್ಟಿಯಲ್ಲಿತ್ತು. ಭಾಷಣ ಮುಗಿದ ಮೇಲೆ ಕೊಟ್ಟ ನಾಷ್ಟಾ ಮಾತ್ರ ಪೂರಿ.

ಗೋಬಿ ಗಾಡಿಯ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ಹೊಟ್ಟೆಪಾಡಿಗೆ ನಿಂತವರು. ಆದರೆ ಎರಡು ಮಾತು ತಿಳಿದಿರಲಿ. ಗೋಬಿ ಮಂಚೂರಿ ಚೀನಾದ ಅಡಿಗೆ ಅಲ್ಲ. 1975ರ ಸುಮಾರಿಗೆ ಮುಂಬೈಯಲ್ಲಿ ನೆಲ್ಸನ್ ವಾಂಗ್ ಎಂಬ ಕೋಲ್ಕತ್ತಾ ಮೂಲದ ಚೀನೀ ಬಾಣಸಿಗ ಚಿಕನ್ ಮಂಚೂರಿ ಮಾಡಿದ ಅಂತ ಹೇಳುತ್ತಾರೆ. ಅದರ ತಮ್ಮ ಈ ಗೋಬಿ. ಎರಡನೆಯದು, 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ ಸಿಕ್ಕಿತು. ಆಗ ಸರ್ಕಾರ ಬಣ್ಣ ಹಾಕುವುದನ್ನೇ ನಿಷೇಧಿಸಿತು. ಹಾಗಂತ ಚೀನಾದ ಅಸಲಿ ನಾಷ್ಟಾ ಎಲ್ಲವೂ ಅಮೃತ ಅಂತ ನಾನು ಹೇಳುತ್ತಿಲ್ಲ. ಆ ಕರಿದ ಕೋಲು ಮೈದಾ ಮತ್ತು ಎಣ್ಣೆಯೇ. ಅವರಿಂದ ಕಲಿಯಬೇಕಾದದ್ದು ಅಡಿಗೆಯನ್ನಲ್ಲ, ತಮ್ಮ ಅಡಿಗೆಯನ್ನು ನಾಚಿಕೆಯಿಲ್ಲದೆ ನಾಲ್ಕು ಜನರ ಮುಂದೆ ಇಡುವುದನ್ನು.

ಬಾದಾಮಿಯ ಇಮ್ಮಡಿ ಪುಲಕೇಶಿ ಆಳುತ್ತಿದ್ದ 7ನೇ ಶತಮಾನದಲ್ಲಿ ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಚಾಲುಕ್ಯರ ರಾಜ್ಯಕ್ಕೆ ಬಂದಿದ್ದ. ಇಲ್ಲಿನ ಜನ ಉಪಕಾರ ಮರೆಯುವವರಲ್ಲ ಅಂತ ಬರೆದುಹೋದ. ನಮ್ಮನ್ನು ಬರಗಾಲದಲ್ಲಿ ಸಾಕಿದ ಜೋಳದ ಉಪಕಾರವನ್ನು ಮಾತ್ರ ನಾವು ಬೆಳಿಗ್ಗೆ ಏಳಕ್ಕೇ ಮರೆಯುತ್ತಿದ್ದೇವೆ.

ನಿಮ್ಮಿಂದ ಒಂದೇ ಕೆಲಸ ಆಗಬೇಕು. ಅದಕ್ಕೆ ಅರ್ಜಿ ಬೇಡ, ಹೋರಾಟ ಬೇಡ. ನಾಳೆ ಬೆಳಿಗ್ಗೆ ಬಸ್ಸಿಗೆ ಬಂದಾಗ ಹೋಟೆಲ್ ಕೌಂಟರಿನ ಮುಂದೆ ನಿಂತು ನಾಲ್ಕು ಜನಕ್ಕೆ ಕೇಳುವ ಹಾಗೆ ಕೇಳಿ: “ನುಚ್ಚು, ಮಜ್ಜಿಗಿ ಐತೇನ್ರೀ?”

ಮೊದಲ ದಿನ ನಗುತ್ತಾರೆ. ನನಗೂ ನಕ್ಕರು. ದಿನಾ ಹತ್ತು ಜನ ಕೇಳಿದರೆ ಹನ್ನೊಂದನೇ ದಿನ ಮಾಲೀಕರು ಪಾತ್ರೆ ಒಲೆಯ ಮೇಲೆ ಇಡುತ್ತಾರೆ. ವ್ಯಾಪಾರ ಗೊತ್ತಿದ್ದವರು ಗಿರಾಕಿಯನ್ನು ಬಿಡುವುದಿಲ್ಲ.